ಗ್ಯಾಂಬಿಟ್: ಬಲಿಯೋ, ಎರೆಯೋ, ಒಡ್ಡಿಕೆಯೋ?

ಕಪ್ಪು ಕಾಯಿ ಹಿಡಿದವರು ಆಡಬಹುದಾದ ಗ್ಯಾಂಬಿಟ್‌ಗಳ ಬಗ್ಗೆ ಹೊಸದಾಗಿ ಚದುರಂಗ ಕಲಿಯುವವರಿಗೆಂದು ಒಂದು ಲೇಖನ ಬರೆಯುತ್ತಿದ್ದೇನೆ. ಎರಡನೆಯ ವಾಕ್ಯದಲ್ಲೇ ಸಿಕ್ಕಿಬಿದ್ದಿದ್ದೇನೆ. ಆನೆ, ಕುದುರೆ, ಒಂಟೆ, ಮಂತ್ರಿ, ಕಾಲಾಳು ಎಂದು ಕಾಯಿಗಳಿಗೆಲ್ಲ ಹೆಸರಿದೆ. ಆಟದ ಆರಂಭದಲ್ಲೇ ಒಂದು ಕಾಲಾಳನ್ನು ಎದುರಾಳಿಗೆ ಬಿಟ್ಟುಕೊಟ್ಟು, ಬದಲಿಗೆ ವೇಗವನ್ನೋ ದಾಳಿಯ ದಾರಿಯನ್ನೋ ಪಡೆಯುವುದಕ್ಕೆ ಏನೆನ್ನೋಣ? ಪತ್ರಿಕೆಗಳು ‘ಗ್ಯಾಂಬಿಟ್’ ಎಂದೇ ಬರೆಯುತ್ತವೆ. ಬುಡಾಪೆಸ್ಟ್ ಗ್ಯಾಂಬಿಟ್, ಬೆಂಕೊ ಗ್ಯಾಂಬಿಟ್ ಎಂಬ ಹೆಸರುಗಳು ಹಾಗೆಯೇ ಇರಲಿ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ‘ಕಪ್ಪು ಗ್ಯಾಂಬಿಟ್ ಮಾಡಿತು, ಬಿಳಿ ಗ್ಯಾಂಬಿಟ್ ಸ್ವೀಕರಿಸಿತು’ ಎಂದು ಪುಟದುದ್ದಕ್ಕೂ ಬರೆದರೆ ಮಣೆಯ ಮೇಲೆ ಏನು ನಡೆಯಿತೆಂಬುದು ಕಣ್ಣಿಗೆ ಕಟ್ಟುವುದಿಲ್ಲ.

ಮೂಲ ಹುಡುಕಿದರೆ ಸ್ವಾರಸ್ಯವಿದೆ. ಇಟಾಲಿಯನ್ನಿನಲ್ಲಿ ‘ಗಾಂಬಾ’ ಎಂದರೆ ಕಾಲು. ‘ಗಾಂಬೆತ್ತೊ’ ಎಂದರೆ ಕಾಲು ಕೊಟ್ಟು ಬೀಳಿಸುವುದು. ಸ್ಪೇನಿನ ಪಾದ್ರಿ ರೂಯಿ ಲೋಪೆಜ್ 1561ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಇದನ್ನು ಚದುರಂಗಕ್ಕೆ ತಂದ. ಹಾಗಿದ್ದರೆ ನಮ್ಮಲ್ಲಿ ಪದ ಸಿದ್ಧವಾಗಿಯೇ ಇದೆಯಲ್ಲ: ಅಡ್ಡಗಾಲು! ಕಾಲಾಳನ್ನು ಕೊಟ್ಟು ಕಾಲು ಕೊಡುವುದು ಎಂದು ಒಂದು ಶ್ಲೇಷೆಯೂ ಪುಕ್ಕಟೆಯಾಗಿ ಸಿಕ್ಕಿತೆಂದು ಅರ್ಧ ದಿನ ಹಿಗ್ಗಿದ್ದೆ. ಆದರೆ ಕನ್ನಡದಲ್ಲಿ ಅಡ್ಡಗಾಲು ಹಾಕುವವನು ಬರೀ ತಡೆಯುತ್ತಾನೆ, ಏನನ್ನೂ ಕೊಡುವುದಿಲ್ಲ. ಗ್ಯಾಂಬಿಟ್ಟಿನ ಜೀವವಿರುವುದು ಕೊಡುವುದರಲ್ಲಿ. ವ್ಯುತ್ಪತ್ತಿ ಸರಿಹೊಂದಿತು, ಬಳಕೆ ಒಪ್ಪಲಿಲ್ಲ.

‘ಬಲಿ’ ಎನ್ನುವವರಿದ್ದಾರೆ. ಆದರೆ ಮಂತ್ರಿಯನ್ನೇ ಕೊಟ್ಟು ರಾಜನನ್ನು ಕಟ್ಟಿಹಾಕುವುದಕ್ಕೂ ಬಲಿಯೆಂದೇ ಹೇಳುತ್ತೇವೆ. ಜೊತೆಗೆ ‘ಬಿಳಿ ಬಲಿಯನ್ನು ಸ್ವೀಕರಿಸಿತು’ ಎಂದ ಕೂಡಲೇ ಎದುರಾಳಿ ದೇವತೆಯ ಪಟ್ಟಕ್ಕೇರಿಬಿಡುತ್ತಾನೆ. ‘ದಾಳ’ ಪಗಡೆಯ ಸೊತ್ತು, ಅದೃಷ್ಟದ ವಾಸನೆಯದು. ಬೇಡ.

ನನಗೆ ತುಂಬ ಹಿಡಿಸಿದ್ದು ‘ಎರೆ’, ಗಾಳಕ್ಕೆ ಸಿಕ್ಕಿಸುವ ಎರೆ. ‘ಎರೆ ಕಚ್ಚಿದ’, ‘ಎರೆ ಮುಟ್ಟಲಿಲ್ಲ’ ಎಂದು ಕ್ರಿಯಾಪದಗಳೂ ತಾವಾಗಿ ಕೂಡಿಬರುತ್ತವೆ. (ಎರೆ ಎಂದರೆ ಕಪ್ಪು ಮಣ್ಣು ಕೂಡ. ಕಪ್ಪಿನ ಆಟಕ್ಕೆ ಇದಕ್ಕಿಂತ ಶುಭಶಕುನ ಬೇಕೆ?) ಆದರೆ ಮಣೆಯ ಮೇಲಿಟ್ಟು ಪರೀಕ್ಷಿಸಿದಾಗ ತೊಡಕಾಯಿತು. ಬುಡಾಪೆಸ್ಟನ್ನೇ ನೋಡಿ (ಮನೆಯ ಹೆಸರಿನಲ್ಲಿ ಅಕ್ಷರ ಉದ್ದಸಾಲಿನದು, ಅಂಕಿ ಅಡ್ಡಸಾಲಿನದು). ಬಿಳಿಯದು ಡಿ4, ಕಪ್ಪಿನ ಕುದುರೆ ಎಫ್6ಕ್ಕೆ. ಬಿಳಿಯದು ಸಿ4, ಕಪ್ಪು ಇ5. ಆ ಇ5ರ ಕಾಲಾಳನ್ನು ಬಿಳಿ ಹೊಡೆದರೆ ಕುದುರೆ ಜಿ4ಕ್ಕೆ ನೆಗೆಯುತ್ತದೆ. ಇಲ್ಲೊಂದು ಹೆಸರುವಾಸಿ ಬಲೆಯಿದೆ. ಏಳನೆಯ ನಡೆಯ ಹೊತ್ತಿಗೆ ಕಪ್ಪಿನ ಒಂಟೆ ಬಿ4ರಲ್ಲಿ ನಿಂತಿರುತ್ತದೆ. ಬಿಳಿ ಆಸೆಪಟ್ಟು ಅದನ್ನು ಹೊಡೆದರೆ ಇ5ರಲ್ಲಿರುವ ಕುದುರೆ ಡಿ3ಕ್ಕೆ ಬಂದು ಆಟ ಮುಗಿಸುತ್ತದೆ. ರಾಜನ ಸುತ್ತಲ ಮನೆಗಳಲ್ಲೆಲ್ಲ ಅವನದೇ ಕಾಯಿಗಳು. ಕುದುರೆಯನ್ನು ಹೊಡೆಯಬೇಕಾದ ಇ2ರ ಕಾಲಾಳು ಕಪ್ಪು ಮಂತ್ರಿಯ ಸಾಲಿನಲ್ಲಿ ಸಿಕ್ಕಿ ಅಲುಗಾಡುವಂತಿಲ್ಲ. ಗಮನಿಸಿ: ಇಲ್ಲಿ ಎರೆಯಾದದ್ದು ಒಂಟೆ. ಮೊದಲು ಬಿಟ್ಟುಕೊಟ್ಟ ಕಾಲಾಳಿನ ಲೆಕ್ಕ ಅದಕ್ಕಿಂತ ಮೊದಲೇ, ಕುದುರೆ ಇ5ಕ್ಕೆ ಮರಳಿ ಹೊಡೆದಾಗಲೇ, ಚುಕ್ತಾ ಆಗಿರುತ್ತದೆ. ಎಂದರೆ ಬಲೆ ಬೇರೆ, ಗ್ಯಾಂಬಿಟ್ ಬೇರೆ.

ಬೆಂಕೊದಲ್ಲಿ ‘ಎರೆ’ ಇನ್ನೂ ಸೋಲುತ್ತದೆ. ಮೂರನೆಯ ನಡೆಗೆ ಕಪ್ಪು ಬಿ5 ಆಡಿ ಕೊಡುವ ಕಾಲಾಳು ಬಹಳ ಹೊತ್ತು ಮರಳುವುದಿಲ್ಲ. ಬಿಳಿ ಅದನ್ನು ತಿಂದು ಜೀರ್ಣಿಸಿಕೊಂಡು ಆರಾಮವಾಗಿಯೇ ಇರಬಹುದು. ಕಪ್ಪಿಗೆ ಸಿಗುವುದು ಎ ಮತ್ತು ಬಿ ಸಾಲುಗಳಲ್ಲಿ ಆನೆಗಳಿಗೆ ತೆರೆದ ದಾರಿ, ಜಿ7ರ ಒಂಟೆಗೆ ಉದ್ದನೆಯ ಕರ್ಣ, ಆಟದ ಕೊನೆಯವರೆಗೂ ಬಿಡದ ಒತ್ತಡ. ಯಾವ ಮೀನೂ ಎರೆ ಕಚ್ಚಿ ನಲವತ್ತು ನಡೆ ಈಜುವುದಿಲ್ಲ.

ಹೀಗಾಗಿ ‘ಒಡ್ಡು’ ಎಂಬ ಕ್ರಿಯಾಪದದ ಹತ್ತಿರ ಬಂದು ನಿಂತಿದ್ದೇನೆ. ಪಣಕ್ಕೆ ಒಡ್ಡುತ್ತೇವೆ, ಪರೀಕ್ಷೆಗೆ ಒಡ್ಡುತ್ತೇವೆ, ಪ್ರಾಣವನ್ನೂ ಒಡ್ಡುತ್ತೇವೆ. ಒಡ್ಡಿದ್ದು ಮರಳಿ ಬರಬಹುದು, ಬಾರದೆಯೂ ಇರಬಹುದು. ಬುಡಾಪೆಸ್ಟ್, ಬೆಂಕೊ ಎರಡಕ್ಕೂ ಒಗ್ಗುತ್ತದೆ. ‘ಕಪ್ಪು ಇ5ರ ಕಾಲಾಳನ್ನು ಒಡ್ಡಿತು’ ಎಂದರೆ ವಿವರಣೆ ಬೇಡ. ತೊಂದರೆ ನಾಮಪದದ್ದು. ‘ಒಡ್ಡು’ ಎಂದಷ್ಟೇ ಬರೆದರೆ ನೀರಿಗೆ ಕಟ್ಟಿದ ಏರಿಯಾಗುತ್ತದೆ. ಅದಕ್ಕೆ ‘ಒಡ್ಡಿಕೆ’ ಎಂದು ಬರೆದು ನೋಡಿದೆ. ಬಿಳಿಯ ಗ್ಯಾಂಬಿಟ್ಟಿಗೆ ಕಪ್ಪು ತನ್ನದೇ ಕಾಲಾಳನ್ನು ಮುಂದಿಟ್ಟು ಉತ್ತರಿಸುವುದುಂಟು: ರಾಜನ ಗ್ಯಾಂಬಿಟ್ಟಿನಲ್ಲಿ ಎಫ್4ರ ಕಾಲಾಳನ್ನು ಮುಟ್ಟದೆ ಡಿ5 ಆಡುವ ಫಾಲ್ಕ್‌ಬೀರ್, ಮಂತ್ರಿಯ ಗ್ಯಾಂಬಿಟ್ಟಿಗೆ ಇ5 ಎನ್ನುವ ಆಲ್ಬಿನ್. ಇವಕ್ಕೆ ‘ಎದುರೊಡ್ಡಿಕೆ’ ಆಗಬಹುದೆಂದು ನನ್ನ ಆಸೆ.

ಬಲ್ಲವರಲ್ಲಿ ನನ್ನ ಪ್ರಶ್ನೆಗಳಿವು. ‘ಒಡ್ಡಿಕೆ’ ನಿಮ್ಮ ಕಿವಿಗೆ ಸಹಜವೆನಿಸುತ್ತದೆಯೇ, ಇಲ್ಲವೇ ಗೆಜೆಟ್ಟಿನ ಪದದಂತೆ ಒಣಗಿದೆಯೇ? ಚದುರಂಗದ ಹಳೆಯ ಆಟಗಾರರ ಮಾತಿನಲ್ಲಿ ಇದಕ್ಕೆ ಬೇರೆ ಪದವೇನಾದರೂ ಕೇಳಿದ್ದೀರಾ? ಹಾಗೆಯೇ, ‘ಆಕ್ರಮಣಕಾರಿ ಆರಂಭ’ ಎಂಬ ಪತ್ರಿಕಾ ಕನ್ನಡದ ಬದಲು ‘ಮೇಲೇರಿ ಹೋಗುವ ಆಟ’ ಎಂದು ಬರೆದಿದ್ದೇನೆ. ನನ್ನ ಸಂಪಾದಕರು ಅದರ ಕೆಳಗೆ ಕೆಂಪು ಗೆರೆ ಎಳೆದಿದ್ದಾರೆ. ಯಾರ ಪಕ್ಷ ವಹಿಸುತ್ತೀರಿ?