ಶಾಸಕರು ಪತ್ರ ಕೊಟ್ಟರೆ ಸರ್ಕಾರ ಬಿದ್ದ ಹಾಗಾ?

ಪ್ರಶ್ನೆ: ವಕೀಲರೇ, ನಮ್ಮ ಮನೆಯಲ್ಲಿ ಮೂರು ದಿನದಿಂದ ಇದೇ ವಾದ. ಬೆಂಬಲ ವಾಪಸ್ ಅಂತ ಶಾಸಕರು ರಾಜ್ಯಪಾಲರಿಗೆ ಪತ್ರ ಕೊಟ್ಟರೆ ಸರ್ಕಾರ ಅಲ್ಲಿಗೆ ಮುಗೀತು ಅಂತಾರೆ ಅಪ್ಪ. ಎಸ್.ಆರ್. ಬೊಮ್ಮಾಯಿ ಸರ್ಕಾರ ಹೋಗಿದ್ದೇ ಹಾಗಲ್ವಾ ಅಂತ ಕೇಳ್ತಾರೆ.

ಉತ್ತರ: ನಿಮ್ಮ ತಂದೆಯ ನೆನಪು ಸರಿಯಾಗಿದೆ. 1989ರಲ್ಲಿ ಹಾಗೇ ಆಯಿತು. ಆದರೆ ಅದು ತಪ್ಪು, ಬಹುಮತ ಇದೆಯೋ ಇಲ್ಲವೋ ಅನ್ನುವುದು ಸದನದಲ್ಲೇ ತೀರ್ಮಾನವಾಗಬೇಕು ಅಂತ 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟ್ ಹೇಳಿತು. ಒಂಬತ್ತು ನ್ಯಾಯಮೂರ್ತಿಗಳ ಪೀಠ ಅದು.

1989ರಲ್ಲಿ 19 ಶಾಸಕರ ಪತ್ರಗಳು ರಾಜ್ಯಪಾಲ ವೆಂಕಟಸುಬ್ಬಯ್ಯನವರ ಕೈ ಸೇರಿದ್ದವು. ಅಷ್ಟರಲ್ಲೇ ಅವರಲ್ಲಿ ಏಳು ಜನ, ನಮಗೆ ತಪ್ಪು ತಿಳಿಸಿ ಸಹಿ ಹಾಕಿಸಿಕೊಂಡರು, ನಾವು ಸರ್ಕಾರದ ಜೊತೆಗೇ ಇದ್ದೇವೆ ಅಂತ ಬರೆದುಕೊಟ್ಟರು. ಬೇಕಿದ್ದರೆ ಅಧಿವೇಶನ ಬೇಗ ಕರೆಯೋಣ, ಅಲ್ಲೇ ಬಹುಮತ ತೋರಿಸುತ್ತೇನೆ ಅಂದರು ಬೊಮ್ಮಾಯಿ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಏಪ್ರಿಲ್ 21ಕ್ಕೆ ಸಂವಿಧಾನದ 356ನೇ ವಿಧಿಯಡಿ ರಾಷ್ಟ್ರಪತಿ ಆಳ್ವಿಕೆ ಬಂತು.

ನನಗೆ ಆ ಏಳು ಪತ್ರಗಳೇ ಮುಖ್ಯ ಅನ್ನಿಸುತ್ತದೆ. ಸಹಿ ಯಾರ ಒತ್ತಡಕ್ಕೆ, ಯಾವ ಕೋಣೆಯಲ್ಲಿ ಬಿತ್ತು ಅಂತ ಪತ್ರ ನೋಡಿ ಹೇಳಲಾಗುವುದಿಲ್ಲ. ಸದನದಲ್ಲಿ ಹಾಗಲ್ಲ. ಗಂಟೆ ಬಾರಿಸುತ್ತಾರೆ, ಬಾಗಿಲು ಮುಚ್ಚುತ್ತಾರೆ, ಸಾಲು ಸಾಲಾಗಿ ಶಾಸಕರನ್ನು ಎದ್ದು ನಿಲ್ಲಿಸಿ ತಲೆ ಎಣಿಸುತ್ತಾರೆ. ಯಾರು ಯಾವ ಕಡೆ ನಿಂತರು ಅಂತ ಮತ ಹಾಕಿದ ಜನಕ್ಕೆ ಕಾಣುತ್ತದೆ. 2019ರ ಜುಲೈ 23ರಂದು ಕುಮಾರಸ್ವಾಮಿ ಸರ್ಕಾರ 99–105ರಲ್ಲಿ ಬಿದ್ದಿದ್ದು ಹೀಗೇ, ಸದನದೊಳಗೆ.

ಪ್ರಶ್ನೆ: ಸರಿ. ಆದ್ರೆ ಬಹುಮತ ತೋರಿಸಲು ರಾಜ್ಯಪಾಲರು ಸುಮ್ನೆ ಜಾಸ್ತಿ ದಿನ ಕೊಟ್ಟುಬಿಟ್ಟರೆ?

ಉತ್ತರ: ಕೋರ್ಟಿಗೆ ಹೋಗಬಹುದು. 2018ರಲ್ಲಿ ಯಡಿಯೂರಪ್ಪನವರಿಗೆ 15 ದಿನ ಸಿಕ್ಕಿತ್ತು. ಅವರ ಪಕ್ಷದ್ದು 104 ಸ್ಥಾನ, ಬಹುಮತಕ್ಕೆ ಸಾಲದು. ಮೇ 19ರ ಸಂಜೆ 4 ಗಂಟೆಗೇ ಬಹುಮತ ಸಾಬೀತು ಮಾಡಿ ಅಂತ ಸುಪ್ರೀಂ ಕೋರ್ಟ್ ಹೇಳಿತು. ಮತಕ್ಕೆ ಹಾಕುವ ಮುಂಚೆಯೇ ಅವರು ರಾಜೀನಾಮೆ ಕೊಟ್ಟರು. ಅಷ್ಟು ಬೇಗ ಆದೇಶ ಸಿಗುವುದಕ್ಕೆ 1994ರ ಆ ಬೊಮ್ಮಾಯಿ ತೀರ್ಪೇ ಬುನಾದಿ.

ಪ್ರಶ್ನೆ: ಹಾಗಾದ್ರೆ ಗೆದ್ದ ಮೇಲೆ ಬೊಮ್ಮಾಯಿಯವರಿಗೆ ಸರ್ಕಾರ ವಾಪಸ್ ಸಿಕ್ತಾ?

ಉತ್ತರ: ಇಲ್ಲ. ತೀರ್ಪು ಬರುವ ಹೊತ್ತಿಗೆ ಐದು ವರ್ಷ ಕಳೆದಿತ್ತು. 1989ರಲ್ಲೇ ಚುನಾವಣೆ ನಡೆದು ಹೊಸ ವಿಧಾನಸಭೆ ಬಂದಿತ್ತು. ಈ ಪ್ರಕರಣ ಓದುವಾಗೆಲ್ಲ ನನಗೆ ಬೇಸರವಾಗುವುದು ಇಲ್ಲೇ.