ದೊಡ್ಡಣ್ಣ, ಆ ಡಾಕ್ಟರನ್ನ ಕೊಂದಿದ್ದು ಯಾರು?

ಗುಂಪು: ಅಣ್ಣತಮ್ಮ ಅಕ್ಕತಂಗಿ

ದೊಡ್ಡಣ್ಣ: [ಚಿತ್ರ]
ಪುಟ್ಟ ನಿನ್ನೆ ದ ಲಾಸ್ಟ್ ಆಫ್ ಅಸ್ ವಿಡಿಯೋ ಗೇಮಿನ ಎರಡನೇ ಭಾಗ ಮುಗಿಸಿದ್ನಂತೆ. ಇದು ಅವನಿಗೆ. ವಿಮರ್ಶೆಯ ಅಂಕಗಳನ್ನ ಒಟ್ಟುಮಾಡಿ ತೋರಿಸೋ ಮೆಟಾಕ್ರಿಟಿಕ್ ಪುಟದ ಸ್ಕ್ರೀನ್‌ಶಾಟ್. ವಿಮರ್ಶಕರು ಕೊಟ್ಟಿದ್ದು ನೂರಕ್ಕೆ 93. ಅದರ ಕೆಳಗೆ ಆಡಿದವರು ಕೊಟ್ಟ ಅಂಕ ನೋಡು, ಎಷ್ಟು ಕಡಿಮೆ. ಇಷ್ಟು ಅಂತರ ಸುಮ್ನೆ ಬರಲ್ಲ.

ಅಕ್ಕ: ಅವರೆಲ್ಲಾ ಆಡಿದವರು ಅಂತ ಹೇಗೆ ಹೇಳ್ತೀಯ ಅಣ್ಣ? ಆಟ ಬಂದಿದ್ದು 2020ರ ಜೂನ್ 19ಕ್ಕೆ. ಸೊನ್ನೆಗಳು ಬೀಳೋಕೆ ಶುರುವಾಗಿದ್ದೂ ಅವತ್ತೇ. ಇಪ್ಪತ್ತು ಗಂಟೆ ಮೀರೋ ಆಟ ಅದು. ಅವತ್ತೇ ಸೊನ್ನೆ ಹಾಕಿದವರು ಮೊದಲ ಭಾಗದ ನಾಯಕ ಜೋಯಲ್‌ನ ಕೊಲ್ಲೋ ಆ್ಯಬಿ ಕಥೆವರೆಗೂ ಹೋಗೇ ಇಲ್ಲ. ಮುಂದಿನ ತಿಂಗಳೇ ಮೆಟಾಕ್ರಿಟಿಕ್‌ನವರು, ಆಟ ಬಂದು 36 ಗಂಟೆ ಆಗೋವರೆಗೂ ಯಾರೂ ಅಂಕ ಹಾಕೋ ಹಾಗಿಲ್ಲ ಅಂತ ನಿಯಮ ತಂದ್ರು.

ದೊಡ್ಡಣ್ಣ: ಸರಿ, ಅವರನ್ನ ಬಿಡು. ನಾನು ಪೂರ್ತಿ ಆಡಿದೀನಲ್ಲ. 2013ರಲ್ಲಿ ಪ್ಲೇಸ್ಟೇಷನ್ 3ರಲ್ಲಿ ಮೊದಲನೇದು ಆಡಿ ಏಳು ವರ್ಷ ಕಾದವನು ನಾನು. ಜೋಯಲ್ ಸತ್ತ ಅನ್ನೋದಲ್ಲ ನನ್ನ ತಕರಾರು. ಅಂಥವನು ವಯಸ್ಸಾಗಿ ಸಾಯಲ್ಲ ಅಂತ ನನಗೂ ಗೊತ್ತಿತ್ತು. ಸತ್ತ ರೀತಿ ನೋಡು. ಇಪ್ಪತ್ತು ವರ್ಷ ಯಾರನ್ನೂ ನಂಬದೆ ಬದುಕಿದವನು. ಗುರುತಿಲ್ಲದ ಹುಡುಗಿ ಆ್ಯಬಿ ಮುಂದೆ ತಮ್ಮ ಟಾಮಿ ಇಬ್ಬರ ಹೆಸರನ್ನೂ ಹೇಳಿಬಿಡ್ತಾನೆ, ಇವನು ಸುಮ್ನಿರ್ತಾನೆ. ಅವಳ ಗುಂಪಿನ ಮಧ್ಯೆ ಹೋಗಿ ನಿಲ್ತಾನೆ. ಮೊದಲ ಭಾಗದ ಜೋಯಲ್ ಹೀಗೆ ಮಾಡ್ತಿದ್ನಾ?

ಪುಟ್ಟ: ಅಣ್ಣ, ಅಲ್ಲಿ ಹಿಮಗಾಳಿ ಬೀಸ್ತಿತ್ತು. ಸೋಂಕಿತರ, ಅಂದ್ರೆ ರೋಗ ತಗುಲಿ ಮನುಷ್ಯರ ಮೇಲೆ ಬೀಳೋರ, ಹಿಂಡು ಬೆನ್ನಟ್ಟಿ ಬರ್ತಿತ್ತು. ಆ್ಯಬಿನ ಆಗಷ್ಟೇ ಉಳಿಸಿದ್ದೂ ಅವನೇ. ಅದೂ ಅಲ್ದೆ ನಾಲ್ಕು ವರ್ಷದಿಂದ ಜಾಕ್ಸನ್ ಅನ್ನೋ ಊರಲ್ಲಿ ನೆಮ್ಮದಿಯಾಗಿದ್ದ. ಊರಿಗೆ ಬಂದವರನ್ನ ಸೇರಿಸಿಕೊಂಡು ಬದುಕ್ತಿದ್ದ ಜನ ಅವರು. ಮನುಷ್ಯ ಬದಲಾಗಿದ್ದ ಅಷ್ಟೇ.

ದೊಡ್ಡಣ್ಣ: ಬದಲಾಗಿದ್ದನ್ನ ನನಗೆ ತೋರಿಸಬೇಕಿತ್ತು ಕಣೋ. ತೋರಿಸಿದ್ದು ಯಾವಾಗ? ಸತ್ತಮೇಲೆ, ಹಿಂದಿನ ನೆನಪುಗಳಲ್ಲಿ. ಹುಟ್ಟುಹಬ್ಬಕ್ಕೆ, ಮಗಳ ಥರ ಸಾಕಿದ ಎಲ್ಲೀನ ಮ್ಯೂಸಿಯಮ್ಮಿಗೆ ಕರ್ಕೊಂಡು ಹೋಗೋದು, ಬಾಹ್ಯಾಕಾಶ ನೌಕೆಯೊಳಗೆ ಕೂರಿಸಿ ರಾಕೆಟ್ ಉಡಾವಣೆಯ ಟೇಪ್ ಕೇಳಿಸೋದು, ಅವಳು ಕಣ್ಮುಚ್ಚಿ ಹೊರಟೇಬಿಡೋದು. ಇಡೀ ಆಟದಲ್ಲಿ ನನಗೆ ಅದಕ್ಕಿಂತ ಚೆನ್ನಾಗಿರೋ ಜಾಗ ಇಲ್ಲ. ಅದು ಮೊದಲು ಬಂದಿದ್ರೆ ಆ ಸಾವನ್ನ ಒಪ್ಕೋತಿದ್ದೆ.
ಇನ್ನೊಂದು. ಬಿಡುಗಡೆಗೆ ಮುಂಚೆ ಬಂದ ಟ್ರೈಲರ್‌ನಲ್ಲಿ ಸೇಡಿಗೆ ಸಿಯಾಟಲ್‌ಗೆ ಹೋದ ಎಲ್ಲೀ ಹಿಂದೆ ಬಂದು ನಿಲ್ಲೋದು ಜೋಯಲ್. ಆಟದಲ್ಲಿ ಅದೇ ಜಾಗದಲ್ಲಿ ಬರೋದು ಅವಳ ಸ್ನೇಹಿತ ಜೆಸ್ಸಿ. ಬೇಕಂತಲೇ ಮಾಡಿದ್ದು. ಅದನ್ನ ನಾನು ಕ್ಷಮಿಸಲ್ಲ.

ಅಕ್ಕ: ಟ್ರೈಲರ್ ವಿಷಯದಲ್ಲಿ ನಿನ್ನ ಸಿಟ್ಟು ನ್ಯಾಯವಾದದ್ದೇ. ಗುಟ್ಟು ಕಾಪಾಡೋಕೆ ಬೇರೆ ದಾರಿ ಇತ್ತು. ಅಷ್ಟು ಮಾಡಿಯೂ 2020ರ ಏಪ್ರಿಲ್‌ನಲ್ಲಿ ಕಥೆಯ ದೃಶ್ಯಗಳು ಸೋರಿಕೆಯಾದ್ವು. ತುಂಬಾ ಜನ ಆಟ ಮುಟ್ಟೋ ಮುಂಚೆಯೇ ಜೋಯಲ್‌ನ ಗಾಲ್ಫ್ ಕೋಲಲ್ಲಿ ಹೊಡೆದು ಕೊಲ್ಲೋ ಆ ತುಣುಕು ನೋಡಿ ತೀರ್ಮಾನ ಮಾಡಿಬಿಟ್ಟಿದ್ರು.

ಭಾವ: ನಾನು ಇದರ ಟಿವಿ ಸೀರೀಸ್ ಮಾತ್ರ ನೋಡಿದವನು, ಹೇಳಬಹುದಾ? 2025ರಲ್ಲಿ ಬಂದ ಎರಡನೇ ಸೀಸನ್‌ನಲ್ಲಿ ಆ್ಯಬಿ ಯಾಕೆ ಬಂದಿದ್ದಾಳೆ ಅಂತ ಮೊದಲೇ ಗೊತ್ತಾಗುತ್ತೆ. ಜೋಯಲ್ ಸಾಯೋದು ಎರಡನೇ ಕಂತಿನಲ್ಲಿ. ಅಷ್ಟೊತ್ತಿಗೆ ಅವಳ ನೋವು ನಮಗೆ ತಿಳಿದಿರುತ್ತೆ. ನನಗೆ ಅವಳ ಮೇಲೆ ಅಷ್ಟು ದ್ವೇಷ ಬರಲೇ ಇಲ್ಲ.

ಅಕ್ಕ: ರೀ, ಅದೇ ವ್ಯತ್ಯಾಸ. ಆಟದಲ್ಲಿ ಅವಳ ಕಾರಣ ಅರ್ಧ ದಾರಿವರೆಗೂ ಸರಿಯಾಗಿ ಗೊತ್ತಾಗಲ್ಲ. ಆಟಗಾರನಿಗೆ ಮೊದಲು ದ್ವೇಷ ಬರಬೇಕು, ಎಲ್ಲೀ ಎಷ್ಟು ಕುರುಡಾಗಿ ಹೊರಡ್ತಾಳೋ ನಾವೂ ಅಷ್ಟೇ ಕುರುಡಾಗಿ ಹೊರಡಬೇಕು. ಮೊದಲೇ ಹೇಳಿಬಿಟ್ರೆ ನೀವು ನ್ಯಾಯಾಧೀಶರ ಥರ ದೂರ ಕೂತು ನೋಡ್ತೀರ.
ಮುಂದೆ ಕೊನೆಯ ವಿಷಯ ಬರುತ್ತೆ. ಮುಂದಿನ ಸೀಸನ್ ನೋಡೋರು ಈಗಲೇ ಹೇಳಿ.

ಭಾವ: ಪರವಾಗಿಲ್ಲ, ಮಾತಾಡಿ. ತಿಳಿದೇ ನೋಡ್ತೀನಿ.

ಪುಟ್ಟ: ನನ್ನ ಅಭಿಪ್ರಾಯ ಹೇಳ್ತೀನಿ. ನಾನು ಪಿಸಿಯಲ್ಲಿ ಆಡಿದ್ದು. ಹೊಡೆದಾಟದಲ್ಲಿ ಮೊದಲ ಭಾಗಕ್ಕಿಂತ ಇದು ಎಷ್ಟೋ ಮುಂದಿದೆ. ಹುಲ್ಲಲ್ಲಿ ಮಲಗಿ ತೆವಳಬಹುದು. ಏಟು ಬೀಳೋ ಕ್ಷಣಕ್ಕೆ ಸರಿಯಾಗಿ ತಪ್ಪಿಸ್ಕೋಬಹುದು. ನಾಯಿಗಳು ನಮ್ಮ ವಾಸನೆ ಹಿಡಿದು ಬರ್ತವೆ. ಕಿವಿಗೊಟ್ಟು ಕೇಳೋ ಮೋಡ್‌ಗೆ ಹೋದ್ರೆ ನಾವು ಬಿಟ್ಟುಬಂದ ವಾಸನೆಯ ಜಾಡು ಗೆರೆಯಾಗಿ ಕಾಣುತ್ತೆ. ಒಂದು ಕಡೆ ಅಡಗಿ ಕೂರೋಕೆ ಆಗೋದೇ ಇಲ್ಲ, ಸರೀತಾ ಇರಬೇಕು.
ಆದ್ರೆ ನಡುವೆ ಮುರಿದುಬಿತ್ತು. ಎಲ್ಲೀ ತಂಗಿದ್ದ ಥಿಯೇಟರ್‌ನಲ್ಲಿ ಆ್ಯಬಿ ಬಂದೂಕು ಹಿಡಿದು ನಿಂತಿದ್ದಾಳೆ, ಜೆಸ್ಸಿ ಸತ್ತ, ಟಾಮಿ ನೆಲದ ಮೇಲೆ. ಅಲ್ಲಿ ನಿಲ್ಲಿಸಿ ಮತ್ತೆ ಸಿಯಾಟಲ್ ಮೊದಲನೇ ದಿನದಿಂದ, ಆ್ಯಬಿಯಾಗಿ. ಅಷ್ಟೊತ್ತು ಬಿಡಿಭಾಗ ಹೆಕ್ಕಿ ವರ್ಕ್‌ಬೆಂಚ್‌ನಲ್ಲಿ ತಿದ್ದಿದ ಬಂದೂಕುಗಳೆಲ್ಲ ಹೋದ್ವು. ಹತ್ತಿ ಬಂದ ಮೆಟ್ಟಿಲೆಲ್ಲ ಮತ್ತೆ ಕೆಳಗಿನಿಂದ.

ದೊಡ್ಡಣ್ಣ: ಅದೇ ನಾನೂ ಹೇಳೋದು. ನಾನು ಅಲ್ಲಿ ಕಂಟ್ರೋಲರ್ ಕೆಳಗಿಟ್ಟೆ. ಎಷ್ಟೋ ದಿನ ಮುಟ್ಟಲಿಲ್ಲ.

ಅಕ್ಕ: ಆ್ಯಬಿ ಕಡೆಯವರ ನೆಲೆಯಾದ ಆ ಕ್ರೀಡಾಂಗಣದ ಓಡಾಟ ಉದ್ದವಾಯ್ತು, ನನಗೂ ಅಲ್ಲಿ ಸಾಕಾಯ್ತು. ಆದ್ರೆ ಬಂದೂಕು ಹೋಗಿದ್ದು ಸರಿ. ಆ್ಯಬಿ ಎಲ್ಲೀ ಅಲ್ಲ. ಎಲ್ಲೀಗೆ ಚಾಕು ಯಾವತ್ತೂ ಮುರಿಯಲ್ಲ, ಕ್ಲಿಕರ್ ಅನ್ನೋ ಕುರುಡು ಸೋಂಕಿತರ ಹಿಂದೆ ಹೋಗಿ ಸುಲಭವಾಗಿ ಮುಗಿಸ್ತಾಳೆ. ಆ್ಯಬಿ ಅದಕ್ಕೊಂದು ಚೂರಿ ಕಟ್ಟಿಕೊಳ್ಳಬೇಕು. ಅವಳ ಬಲ ತೋಳಲ್ಲಿದೆ. ಒಬ್ಬನನ್ನ ಕೈಯಲ್ಲೇ ಬೀಳಿಸಿದ ರಭಸದಲ್ಲೇ ಇನ್ನೊಬ್ಬನ ಮೇಲೆ ನುಗ್ತಾಳೆ. ಆಮೇಲೆ ಆ ಎತ್ತರದ ಸೇತುವೆ ನೆನಪಿದ್ಯಾ? ಆ ಹುಡುಗ ಲೆವ್ ಜೊತೆ ಮೋಡದ ಮಟ್ಟದಲ್ಲಿ ಕಟ್ಟಡದಿಂದ ಕಟ್ಟಡಕ್ಕೆ ದಾಟೋದು. ಅವಳಿಗೆ ಎತ್ತರ ಅಂದ್ರೆ ಭಯ. ನಾವು ಕ್ಯಾಮೆರಾ ಕೆಳಗೆ ತಿರುಗಿಸಿದ್ರೆ ನೋಟವೇ ಎಳೆದುಕೊಂಡು ಹೋದಂಗೆ ಆಗುತ್ತೆ, ಅವಳ ಉಸಿರು ಏರುತ್ತೆ. ಯಾರೂ ಮಾತಿನಲ್ಲಿ ಅವಳನ್ನ ಇಷ್ಟಪಡು ಅಂತ ಹೇಳಲಿಲ್ಲ ನನಗೆ. ಅವಳ ಭಯ ನನ್ನ ಕೈಗೆ ಬಂತು, ಅಷ್ಟೇ.

ಸಣ್ಣಕ್ಕ: ನಾನೊಂದು ಹೇಳಲಾ? ನನಗೆ ಕಣ್ಣು ಎಷ್ಟು ಕಾಣುತ್ತೆ ಅಂತ ನಿಮಗೆಲ್ಲ ಗೊತ್ತು. ಇಂಥ ಆಟಗಳನ್ನ ನಾನು ಯಾವಾಗ್ಲೂ ಯಾರದೋ ಪಕ್ಕ ಕೂತು ಕೇಳ್ತಿದ್ದೆ. ನಾನೇ ಕೈಯಲ್ಲಿ ಹಿಡಿದು ಮುಗಿಸಿದ್ದು ಇದನ್ನ. 60ಕ್ಕೂ ಹೆಚ್ಚು ಅನುಕೂಲದ ಸೆಟ್ಟಿಂಗ್ ಇದೆ ಅದರಲ್ಲಿ. ಹೈ ಕಾಂಟ್ರಾಸ್ಟ್ ಹಾಕಿದ್ರೆ ಹಿನ್ನೆಲೆಯೆಲ್ಲ ಬೂದಿ ಬಣ್ಣ, ನಮ್ಮವರು ನೀಲಿ, ವೈರಿಗಳು ಕೆಂಪು, ಎತ್ಕೊಳ್ಳೋ ಸಾಮಾನು ಹಳದಿ. ದಾರಿ ತಪ್ಪಿದ್ರೆ ಒಂದು ಗುಂಡಿ ಒತ್ತಿದಾಗ ಹೋಗಬೇಕಾದ ಕಡೆಗೆ ತಾನೇ ತಿರುಗಿಸುತ್ತೆ. 2020ರ ಗೇಮ್ ಅವಾರ್ಡ್ಸ್‌ನಲ್ಲಿ ಈ ವಿಭಾಗಕ್ಕೆ ಮೊದಲ ಸಲ ಪ್ರಶಸ್ತಿ ಇಟ್ಟಿದ್ರು, ಅದು ಬಂದಿದ್ದೂ ಇದಕ್ಕೇ. ನೀವೆಲ್ಲ ಕಥೆ ಬಗ್ಗೆ ಜಗಳ ಆಡುವಾಗ ಈ ಮಾತು ಯಾರೂ ಎತ್ತಲ್ಲ.
ಮತ್ತೆ, ನಾನು ವೈರಿಗಳನ್ನ ಹುಡುಕೋದು ಹೆಚ್ಚಾಗಿ ದನಿಯಿಂದ. ಇದರಲ್ಲಿ ಅವರು ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೀತಾರೆ. ಒಬ್ಬ ಬಿದ್ರೆ ಇನ್ನೊಬ್ಬ ಅವನ ಹೆಸರು ಕೂಗ್ತಾನೆ. ಆ ಕೂಗು ಕೇಳಿಯೇ ನಾನು ಅವನಿರೋ ಜಾಗ ತಿಳ್ಕೊಂಡು ಗುರಿ ಇಡಬೇಕು. ನಾಯಿ ಸತ್ರೂ ಹಾಗೇ, ಅದರ ಜೊತೆಗಿದ್ದವನು ಹೆಸರು ಕೂಗ್ತಾನೆ. ಅಣ್ಣ, ನಿನಗೆ ಆ ಕಥೆ ಬಲವಂತ ಅನ್ನಿಸಿರಬಹುದು. ನನಗೆ ಅದು ಎರಡೂ ಕಿವಿಯಲ್ಲಿತ್ತು.

ದೊಡ್ಡಣ್ಣ: ನೀನೇ ಮುಗಿಸಿದ್ದಕ್ಕೆ ನನಗೆ ನಿಜವಾಗ್ಲೂ ಖುಷಿ ಕಣೇ. ಆ ಕೆಲಸಕ್ಕೆ ನೂರಕ್ಕೆ ನೂರು. ಆದ್ರೆ ನೀನು ಹೇಳಿದ್ದರಲ್ಲೇ ನನ್ನ ದೂರೂ ಇದೆ. ಕೊಲ್ಲದೆ ಮುಂದೆ ಹೋಗೋಕೆ ಎಷ್ಟೋ ಕಡೆ ಬಿಡಲ್ಲ, ಕೊಂದಮೇಲೆ ಅಳಿಸುತ್ತೆ. ಆಸ್ಪತ್ರೆಯಲ್ಲಿ ಆ್ಯಬಿ ಗುಂಪಿನ ನೋರಾ ಸಿಕ್ತಾಳಲ್ಲ. ಕೆಂಪು ಬೆಳಕು, ಎಲ್ಲೀ ಕೈಯಲ್ಲಿ ಪೈಪು, ಪರದೆ ಮೇಲೆ ಚೌಕದ ಗುಂಡಿ ಒತ್ತು ಅಂತ ಬರುತ್ತೆ. ನಾನು ಒತ್ತದೆ ಕೂತೆ. ಆಟ ಕಾಯ್ತಾ ಇರುತ್ತೆ, ಮುಂದಕ್ಕೆ ಹೋಗಲ್ಲ. ಒತ್ತಿಸೋದೂ ಅವರೇ, ಒತ್ತಿದ್ದಕ್ಕೆ ನನ್ನನ್ನ ಪಾಪಿ ಅನ್ನೋದೂ ಅವರೇ. ಆಯ್ಕೆ ಕೊಡದೆ ಹೊಣೆ ಹೊರಿಸೋದು ಅನ್ಯಾಯ.

ಅಕ್ಕ: ಹಾಗಾದ್ರೆ ಮೊದಲ ಭಾಗದ ಕೊನೆ ನೆನಪು ಮಾಡ್ಕೋ. ಸಾಲ್ಟ್ ಲೇಕ್ ಸಿಟಿ ಆಸ್ಪತ್ರೆ. ಆಪರೇಷನ್ ಕೋಣೆ, ಸೋಂಕಿಗೆ ಮದ್ದು ಹುಡುಕೋಕೆ ಕೊಯ್ಯಬೇಕು ಅಂತ ಎಲ್ಲೀನ ಮೇಜಿನ ಮೇಲೆ ಮಲಗಿಸಿದ್ದಾರೆ, ಕೊಯ್ದ್ರೆ ಅವಳು ಸಾಯ್ತಾಳೆ. ಡಾಕ್ಟರ್ ಒಂದು ಸಣ್ಣ ಚಾಕು ಹಿಡ್ಕೊಂಡು ಅಡ್ಡ ನಿಂತಿದ್ದಾನೆ. ಪಕ್ಕದಲ್ಲಿರೋ ಇಬ್ಬರನ್ನ ನೀನು ಬಿಡಬಹುದು. ಅವನನ್ನ ಬಿಡೋಕಾಗಲ್ಲ. ಕೊಲ್ಲದೆ ಎಲ್ಲೀನ ಎತ್ಕೊಳ್ಳೋಕೆ ಆಟ ಬಿಡಲ್ಲ. ಅಲ್ಲೂ ಗುಂಡಿ ಒತ್ತಿದ್ದು ನೀನೇ. ಏಳು ವರ್ಷ ನೀನು ಆ ಡಾಕ್ಟರ್ ಬಗ್ಗೆ ಒಂದು ಮಾತೂ ಆಡಲಿಲ್ಲ. ಅವನಿಗೆ ಮಗಳಿರಬಹುದು ಅಂತ ನಮಗ್ಯಾರಿಗೂ ಅನ್ನಿಸಲಿಲ್ಲ. ಎರಡನೇ ಭಾಗ ಮಾಡಿದ್ದಿಷ್ಟೇ, ಆ ಮಗಳನ್ನ, ಅಂದ್ರೆ ಆ್ಯಬಿನ, ಕರ್ಕೊಂಡು ಬಂತು. ಆಯ್ಕೆ ಇರಲಿಲ್ಲ ಅನ್ನೋದು ಆಗ ಅನ್ಯಾಯ ಅಲ್ದಿದ್ರೆ ಈಗ ಹೇಗೆ ಅನ್ಯಾಯ?

ಪುಟ್ಟ: ಅಣ್ಣ ಟೈಪ್ ಮಾಡ್ತಾ ಇದ್ದಾನೆ, ನಿಲ್ಲಿಸ್ತಾನೆ, ಮತ್ತೆ ಮಾಡ್ತಾನೆ.

ದೊಡ್ಡಣ್ಣ: ಯೋಚನೆ ಮಾಡ್ತಿದ್ದೆ. ಉತ್ತರ ಇದೆ. ಆ ಕೋಣೆಯಲ್ಲಿ ನಾನು ಮನಸಾರೆ ಒತ್ತಿದೆ. ಹದಿನಾಲ್ಕು ವರ್ಷದ ಹುಡುಗಿನ ಕೇಳದೆ ಕೊಯ್ಯೋಕೆ ಹೊರಟಿದ್ರು. ನನ್ನ ಇಷ್ಟ, ಜೋಯಲ್ ಇಷ್ಟ ಒಂದೇ ಆಗಿತ್ತು. ನೋರಾ ಮುಂದೆ ಎಲ್ಲೀ ಇಷ್ಟ ನನ್ನದಾಗಿರಲಿಲ್ಲ. ಪಾತ್ರ ಒಂದು ಕಡೆ, ಆಡೋನು ಒಂದು ಕಡೆ ಆದ್ರೆ ಆಟ ಸೋತಂಗೆ.

ಅಕ್ಕ: ನನಗೆ ಅದು ಉಲ್ಟಾ. ಅವಳು ನನ್ನಿಂದ ದೂರ ಹೋಗ್ತಿದ್ದಾಳೆ ಅನ್ನೋದು ಬೆರಳಿಗೆ ಗೊತ್ತಾಗಿದ್ದು ಅಲ್ಲೇ. ಜೊತೆಗಿದ್ದು ತಡೆಯೋಕಾಗದೆ ನೋಡಿದೆ. ಆಟ ನಿನ್ನನ್ನ ಪಾಪಿ ಅಂದಿಲ್ಲ ಅಣ್ಣ. ನೋರಾನ ಕೊಂದು ಥಿಯೇಟರ್‌ಗೆ ವಾಪಸ್ ಬಂದಾಗ ನಡುಗೋದು ಎಲ್ಲೀ ಕೈ. ಸಂಗಾತಿ ಡೀನಾ ಮುಂದೆ ಮಾತು ಹೊರಡದೆ ಕೂರೋಳು ಅವಳು.

ಪುಟ್ಟ: ಥಿಯೇಟರ್ ಹೊಡೆದಾಟ ಹೇಳಲೇಬೇಕು. ಆ್ಯಬಿಯಾಗಿ ಎಲ್ಲೀ ವಿರುದ್ಧ. ನಾನು ಇಷ್ಟು ಹೊತ್ತು ವೈರಿಗಳಿಗೆ ಏನೇನು ಮಾಡಿದ್ನೋ ಎಲ್ಲೀ ಅದನ್ನೇ ನನಗೆ ಮಾಡ್ತಾಳೆ. ಅಡಗ್ತಾಳೆ, ಬಾಂಬ್ ಹೂತಿಡ್ತಾಳೆ, ಬೆನ್ನ ಹಿಂದಿನಿಂದ ಬರ್ತಾಳೆ. ಇವಳ ಎದುರಿಗೆ ಬಂದವರಿಗೆಲ್ಲ ಹೀಗೆ ಅನ್ನಿಸಿರಬೇಕು ಅಂತ ಆಗಲೇ ಹೊಳೆದಿದ್ದು. ನಡುವೆ ಬೇಜಾರಾದ್ರೂ ಈ ಒಂದು ಭಾಗಕ್ಕೆ ನಾನು ಇದನ್ನ ಬಿಟ್ಟುಕೊಡಲ್ಲ.

ಭಾವ: ಕೊನೆಗೆ ಆ್ಯಬಿನ ಕೊಲ್ತಾಳಾ?

ಅಕ್ಕ: ಇಲ್ಲ ರೀ. ಸಾಂಟಾ ಬಾರ್ಬರಾ ಕಡಲಲ್ಲಿ ನೀರೊಳಗೆ ಅದುಮಿ ಹಿಡಿದವಳು ಬಿಟ್ಟುಬಿಡ್ತಾಳೆ.

ದೊಡ್ಡಣ್ಣ: ದಾರಿಯಲ್ಲಿ ಅಡ್ಡ ಬಂದ ಅಷ್ಟು ಜನರನ್ನ ಕೊಂದು, ಡೀನಾನ, ಮಗುನ ಬಿಟ್ಟು ಅಷ್ಟು ದೂರ ಹೋಗಿ, ಕೊನೆಗೆ ಇವಳೊಬ್ಬಳನ್ನ ಬಿಡೋದು! ಎಡಗೈಯ ಎರಡು ಬೆರಳೂ ಹೋದ್ವು. ಜೋಯಲ್ ಕಲಿಸಿದ ಗಿಟಾರ್ ನುಡಿಸೋಕೂ ಆಗಲ್ಲ. ಅವಳ ಕೈಯಲ್ಲಿ ಉಳಿದಿದ್ದು ಅದೊಂದೇ ಆಗಿತ್ತಲ್ಲೇ. ಅದನ್ನೂ ಕಿತ್ಕೊಂಡಿದ್ದು ಕ್ರೌರ್ಯ.

ಅಕ್ಕ: ಕ್ರೌರ್ಯ ಹೌದು. ಆದ್ರೆ ಬಿಟ್ಟಿದ್ದು ಆ್ಯಬಿ ಮೇಲಿನ ಕರುಣೆಯಿಂದ ಅಲ್ಲ ಅಣ್ಣ. ಆ ಕ್ಷಣಕ್ಕೆ ಅವಳ ಕಣ್ಮುಂದೆ ಬರೋದು ಮನೆ ಜಗಲಿಯಲ್ಲಿ ಗಿಟಾರ್ ಹಿಡಿದು ಕೂತ ಜೋಯಲ್. ಸಾಯೋ ಹಿಂದಿನ ರಾತ್ರಿ ಅವರಿಬ್ಬರೂ ಮಾತಾಡಿದ್ರು. ಆಸ್ಪತ್ರೆಯಲ್ಲಿ ಅವನು ಮಾಡಿದ್ದನ್ನ ಕ್ಷಮಿಸೋಕೆ ಪ್ರಯತ್ನ ಮಾಡ್ತೀನಿ ಅಂದಿದ್ಲು. ಮಾರನೇ ದಿನವೇ ಅವನಿಲ್ಲ. ಆ್ಯಬಿನ ಕೊಂದ್ರೆ ಆ ಪ್ರಯತ್ನಕ್ಕೆ ಸಿಗಬೇಕಿದ್ದ ದಿನಗಳು ವಾಪಸ್ ಬರಲ್ಲ. ಅದು ನೀರೊಳಗೆ ಕೈ ಇಟ್ಟಮೇಲೆ ಅವಳಿಗೆ ಗೊತ್ತಾಯ್ತು ಅನ್ನೋದು ನನ್ನ ನಂಬಿಕೆ. ಈ ಸಿಟ್ಟನ್ನೆಲ್ಲ ಆಟದ ಮೇಲೆ ಹಾಕು, ನನಗೇನೂ ಅಡ್ಡಿಯಿಲ್ಲ. ಆ್ಯಬಿಗೆ ದನಿ ಕೊಟ್ಟ ಲಾರಾ ಬೈಲಿಗೆ ಕೊಲೆ ಬೆದರಿಕೆ ಕಳಿಸಿದ್ರಲ್ಲ ಜನ, ಅದನ್ನ ನೆನೆಸಿಕೊಂಡ್ರೆ ನನಗೆ ಇವತ್ತಿಗೂ ಮೈ ಉರಿಯುತ್ತೆ.

ದೊಡ್ಡಣ್ಣ: ಅದನ್ನ ಯಾರೂ ಸಮರ್ಥಿಸಲ್ಲ, ನಾನಂತೂ ಇಲ್ಲವೇ ಇಲ್ಲ. ಆ ಹೆಣ್ಣುಮಗಳ ಅಭಿನಯ ಅದ್ಭುತ. ಆ ವರ್ಷದ ಪ್ರಶಸ್ತಿ ಅವಳಿಗೆ ಸಲ್ಲಬೇಕಾದ್ದೇ.
ಆದ್ರೆ ಕ್ರಮ ತಪ್ಪು ಅನ್ನೋ ಮಾತು ನಾನು ಬಿಡಲ್ಲ. 2025ರ ಜುಲೈನಲ್ಲಿ ಅವರೇ ಹೊಸ ಮೋಡ್ ಕೊಟ್ರು, ಕಥೆನ ನಡೆದ ಕ್ರಮದಲ್ಲೇ ಆಡಬಹುದು ಅಂತ. ಅದನ್ನ ಹಾಕ್ತೀನಿ ಈ ವಾರ.

ಅಕ್ಕ: ಮೊದಲ ಸಲ ಆಡೋರಿಗೆ ಅದನ್ನ ಹೇಳಬೇಡ ದಯವಿಟ್ಟು. ಅದರಲ್ಲಿ ಕತ್ತಲಲ್ಲಿ ಇರೋ ಅನುಭವವೇ ಹೋಗುತ್ತೆ. ನೀನಾದ್ರೆ ಆಡು, ಮೊದಲೇ ಎಲ್ಲ ಗೊತ್ತಿರೋನು.

ಸಣ್ಣಕ್ಕ: ಅಣ್ಣ, ಆಲಿಸ್ ನೆನಪಿದ್ಯಾ? ಅಕ್ವೇರಿಯಂನಲ್ಲಿ ಎಲ್ಲೀ ಕೊಲ್ಲೋ ನಾಯಿ. ಹೋದ ಸಲ ನಿನಗೆ ಅದು ಮೇಲೆ ಬಿದ್ದ ಯಾವುದೋ ನಾಯಿ. ಈ ಕ್ರಮದಲ್ಲಿ ಮೊದಲು ಆ್ಯಬಿ ಜೊತೆ ಅದರ ಪಕ್ಕ ಓಡಾಡಿರ್ತೀಯ. ಆಮೇಲೆ ಅಕ್ವೇರಿಯಂ ಬರುತ್ತೆ.

ದೊಡ್ಡಣ್ಣ: ಅದಕ್ಕೇ ಆಡಬೇಕು ಅಂತಿರೋದು. ಮುಗಿಸಿ ಇಲ್ಲೇ ಬರೀತೀನಿ. ಟ್ರೈಲರ್ ವಿಷಯ ಮಾತ್ರ ಹಾಗೇ ಇರುತ್ತೆ.

ಪುಟ್ಟ: ಬರೀ ಅಣ್ಣ. ನಾನು ಅಷ್ಟರಲ್ಲಿ ಮೊದಲ ಭಾಗದ ಆ ಆಪರೇಷನ್ ಕೋಣೆ ಮತ್ತೆ ಆಡ್ತೀನಿ.