ತಾರಸಿ ಡ್ರಿಪ್: ಕೊನೆಯ ಸಾಲಿಗೆ ನೀರೇ ಹೋಗುತ್ತಿಲ್ಲ, ದವನದ ಹುಣ್ಣಿಮೆಗೆ ನೆಂಟರು ಬರುತ್ತಾರೆ

ತುಮಕೂರು_ತಾರಸಿ
ತಲೆ ಕೆಟ್ಟುಹೋಗಿದೆ. ದವನದ ಹುಣ್ಣಿಮೆಯಂದು ತಾರಸಿಯಲ್ಲಿ ಬೆಳದಿಂಗಳ ಊಟ ಇಟ್ಟುಕೊಂಡಿದ್ದೇವೆ. ಹೆಂಡತಿಯ ತವರಿನವರು, ನನ್ನ ದೊಡ್ಡಪ್ಪನ ಮಕ್ಕಳು, ಎಲ್ಲರಿಗೂ ಹೇಳಿಯಾಗಿದೆ. ಗೋಡೆಯ ಉದ್ದಕ್ಕೂ ದುಂಡುಮಲ್ಲಿಗೆ ಇಟ್ಟಿದ್ದೇ ಆ ರಾತ್ರಿಗಾಗಿ. ಡ್ರಿಪ್ (ಹನಿ ನೀರಾವರಿ) ಹಾಕಿಸಿದ ಮೇಲೆ ಗಿಡಗಳು ಮೊದಲಿಗಿಂತ ಹಾಳಾಗಿವೆ! ಮುಂದಿನ ಕುಂಡಗಳಿಗೆ ಏನೂ ಆಗಿಲ್ಲ. ಕೊನೆಯ ಸಾಲಿನಲ್ಲಿ ಮೊಗ್ಗು ಅರಳುವ ಮೊದಲೇ ಕಂದಿ ಉದುರುತ್ತಿದೆ. ಟೈಮರ್ ಸರಿಯಾಗಿದೆ, ಪೈಪ್ ಹೊಸದು. ಪರಿಹಾರ ಬೇಗ ಹೇಳಿ.

ಹನಿಗಾರ
ತುಮಕೂರು ಎಂದಮೇಲೆ ಬೋರ್ ನೀರೇ ಇರಬೇಕು. ಹನಿ ಬಿಡುವ ಡ್ರಿಪ್ಪರ್ ಒಳಗೆ ಸುಣ್ಣ ಕಟ್ಟಿದೆ, ಬೇರೇನೂ ಅಲ್ಲ. ಒಮ್ಮೆ ಆಮ್ಲ ಹಾಯಿಸಿ ತೊಳೆಯಿರಿ. ನಮ್ಮ ಅಡಿಕೆ ತೋಟದಲ್ಲಿ ಪ್ರತಿ ಬೇಸಿಗೆಗೂ ಮಾಡುವ ಕೆಲಸ ಇದು.

ಕೆಂಪುಮಣ್ಣು
ಒಟ್ಟು ಎಷ್ಟು ಕುಂಡ? ಯಾವ ಅಳತೆಯ ಪೈಪ್? ನೀರು ಎಲ್ಲಿಂದ ಬರುತ್ತದೆ? ಟೈಮರ್ ಯಾವ ಬಗೆಯದು?

ತುಮಕೂರು_ತಾರಸಿ
ಹೌದು, ಬೋರ್ ನೀರು. ಬಕೆಟ್ಟಿನ ಅಂಚಿಗೆಲ್ಲ ಬಿಳಿ ಪದರ ಕಟ್ಟುತ್ತದೆ. ಎಷ್ಟು ಆಮ್ಲ ಹಾಕಬೇಕು, ಹನಿಗಾರ ಅವರೇ?

ಹನಿಗಾರ
ಅಂಗಡಿಯಲ್ಲಿ ಸಿಗುವ ಹೈಡ್ರೋಕ್ಲೋರಿಕ್ ಆಮ್ಲ ಸಾಕು. ನೀರಿಗೆ ಆಮ್ಲ ಬೆರೆಸಬೇಕು, ಆಮ್ಲಕ್ಕೆ ನೀರು ಸುರಿಯಬಾರದು. ಪಿಎಚ್ ಕಾಗದದಲ್ಲಿ ಪಿಎಚ್ ಎರಡರ ಹತ್ತಿರ ಬರುವಷ್ಟು ಬೆರೆಸಿ, ಪೈಪ್ ತುಂಬಿಸಿ, ಸ್ವಲ್ಪ ಹೊತ್ತು ಬಿಟ್ಟು, ತುದಿಯ ಕ್ಯಾಪ್ ತೆಗೆದು ಹೊರಗೆ ಹರಿಸಿ. ಪಾಚಿಯೂ ಇದ್ದರೆ ಬ್ಲೀಚಿಂಗ್ ಪೌಡರ್ ಹಾಕಬಹುದು.

ಮಲ್ಲಿಗೆಮನೆ
ದಯವಿಟ್ಟು ನಿಲ್ಲಿಸಿ! ಆಮ್ಲ ಮತ್ತು ಬ್ಲೀಚಿಂಗ್ ಪೌಡರ್ ಒಟ್ಟಿಗೆ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಇದನ್ನು ಓದಿ ಯಾರಾದರೂ ಒಂದೇ ಬಕೆಟ್ಟಿನಲ್ಲಿ ಕಲಸಿದರೆ ಏನು ಗತಿ? ಕುಂಡದ ಗಿಡಕ್ಕೆ ಅಷ್ಟು ಹುಳಿ ನೀರು ಬಿದ್ದರೂ ಬೇರು ಸುಡುತ್ತದೆ. ತೋಟದ ಲೆಕ್ಕವನ್ನು ತಾರಸಿಗೆ ತರಬೇಡಿ.

ಹನಿಗಾರ
ಒಟ್ಟಿಗೆ ಎಂದು ನಾನು ಹೇಳಲಿಲ್ಲ, ಮೇಡಂ. ಬೇರೆ ದಿನ ಎಂಬುದು ಯಾರಿಗಾದರೂ ಗೊತ್ತಾಗುವ ಮಾತು.

ಮಲ್ಲಿಗೆಮನೆ
ಗೊತ್ತಾಗುವುದಿಲ್ಲ. ಅದಕ್ಕೇ ಬರೆಯಬೇಕು. ಅದಿರಲಿ, ಮೊಗ್ಗು ಉದುರುವುದಕ್ಕೆ ನೀರಿನ ಕೊರತೆಯೊಂದೇ ಕಾರಣವಲ್ಲ. ದುಂಡುಮಲ್ಲಿಗೆಯನ್ನು ಚಳಿಗಾಲದಲ್ಲಿ ಕತ್ತರಿಸಿದ್ದೀರಾ? ಕುಂಡದ ಮೇಲೆ ಶೇಡ್ ನೆಟ್ ಇದೆಯೇ?

ತುಮಕೂರು_ತಾರಸಿ
ಕತ್ತರಿಸಿದ್ದೇವೆ. 75 ಶೇಕಡಾ ನೆರಳು ಕೊಡುವ ಹಸಿರು ನೆಟ್ ಇದೆ. ಆದರೆ ಮುಂದಿನ ಸಾಲಿಗೂ ಅದೇ ನೆಟ್, ಅಲ್ಲಿ ಹೂವು ಬಿಡುತ್ತಿದೆ. ನನ್ನ ಪ್ರಶ್ನೆ ನೀರಿನದು.

ಹುಬ್ಬಳ್ಳಿ_ಹಸಿರು
75 ಶೇಕಡಾ ತಪ್ಪು ಸ್ವಾಮಿ, ಮಲ್ಲಿಗೆಗೆ ಬಿಸಿಲು ಬೇಕು. ನನ್ನದು 50ರ ಬಿಳಿ ನೆಟ್, ಅದೂ ಮಧ್ಯಾಹ್ನ ಮಾತ್ರ ರಾಟೆಯಿಂದ ಎಳೆಯುವಂಥದ್ದು. ಪ್ರತಿ ಸಾಲಿಗೂ ಮಣ್ಣಿನ ತೇವ ಅಳೆಯುವ ಸೆನ್ಸರ್ ಇದೆ, ಮೊಬೈಲಿನಲ್ಲಿಯೇ ಕವಾಟ ತೆರೆಯುತ್ತೇನೆ. ಸಂಜೆ ನೆಂಟರು ಬಂದರೆ ಮಂಜು ಚಿಮ್ಮುವ ನಾಜಲ್ ಹಾಕುತ್ತೇನೆ, ತಾರಸಿ ತಣ್ಣಗಾಗುತ್ತದೆ. ಕಳೆದ ಬೇಸಿಗೆ ಮಗಳ ನಿಶ್ಚಿತಾರ್ಥದ ಊಟ ಅಲ್ಲಿಯೇ ನಡೆಯಿತು. ಫೋಟೋ ಹಾಕಲೇ?

ಕೆಂಪುಮಣ್ಣು
ಫೋಟೋ ಆಮೇಲೆ ನೋಡೋಣ. ತುಮಕೂರಿನವರೇ, ನಾನು ಕೇಳಿದ ನಾಲ್ಕು ಪ್ರಶ್ನೆಗಳು ಹಾಗೆಯೇ ಉಳಿದಿವೆ.

ತುಮಕೂರು_ತಾರಸಿ
40 ಕುಂಡ, ಒಂದೇ 16 ಮಿ.ಮೀ. ಪೈಪ್, ಕುಂಡಕ್ಕೊಂದು ಗಂಟೆಗೆ 4 ಲೀಟರಿನ ಡ್ರಿಪ್ಪರ್. ಆಮ್ಲ ತರಲು ಮನೆಯಲ್ಲಿ ಬಿಡಲಿಲ್ಲ. ಕೊನೆಯ ಸಾಲಿನ ಕೆಲವು ಡ್ರಿಪ್ಪರ್ ಬಿಚ್ಚಿ ರಾತ್ರಿಯಿಡೀ ವಿನೆಗರ್‌ನಲ್ಲಿ ನೆನೆಸಿ ಹಾಕಿದೆ. ಏನೂ ಬದಲಾಗಲಿಲ್ಲ.

ಹನಿಗಾರ
ವಿನೆಗರ್ ದುರ್ಬಲ ಆಮ್ಲ. ಅದರಿಂದ ಏನಾಗುತ್ತದೆ? ಸರಿಯಾದ ಆಮ್ಲವನ್ನೇ ಹಾಕಬೇಕು.

ಕೆಂಪುಮಣ್ಣು
ವಿನೆಗರ್‌ಗೆ ಸುಣ್ಣ ಕರಗುತ್ತದೆ, ನಿಧಾನವಾಗಿ. ಅಲ್ಲದೆ ಪೈಪ್ ಹೊಸದು ಎನ್ನುತ್ತಿದ್ದಾರೆ. ಸುಣ್ಣ ಕಟ್ಟುವುದಾದರೆ ಅಲ್ಲೊಂದು ಇಲ್ಲೊಂದು ಡ್ರಿಪ್ಪರ್ ಕೈಕೊಡುತ್ತದೆ. ಮುಂದೆ ಎಲ್ಲ ಸರಿ, ಹಿಂದೆ ಎಲ್ಲ ಒಣಗು ಎಂದು ವರಸೆಯಾಗಿ ಕಟ್ಟುವುದಿಲ್ಲ.

ಊಹೆ ಬಿಟ್ಟು ಅಳೆಯೋಣ. ಮೊದಲ ಕುಂಡದ ಡ್ರಿಪ್ಪರ್ ಕೆಳಗೆ ಒಂದು ಲೋಟ, ನಡುವೆ ಒಂದು, ಕೊನೆಗೆ ಒಂದು ಇಡಿ. 15 ನಿಮಿಷ ನೀರು ಬಿಡಿ. ಅನಂತರ ನೀರು ಹರಿಯುತ್ತಿರುವಾಗಲೇ ತುದಿಯ ಕ್ಯಾಪ್ ತೆಗೆಯಿರಿ. ಪೈಪಿನಿಂದ ನೀರು ರಭಸವಾಗಿ ಬಂದರೆ ಡ್ರಿಪ್ಪರ್ ಕಟ್ಟಿದೆ, ಹನಿಗಾರರು ಗೆದ್ದರು. ಸೋರಿದ ಹಾಗೆ ಬಂದರೆ ತೊಂದರೆ ಮೇಲಿನಿಂದಲೇ ಇದೆ. ಟ್ಯಾಂಕ್ ಎಲ್ಲಿದೆ ಎಂದು ಇನ್ನೂ ಹೇಳಿಲ್ಲ.

ತುಮಕೂರು_ತಾರಸಿ
ಮೂರೂ ಕಡೆ ಒಂದೇ ಅಳತೆಯ ಸ್ಟೀಲ್ ಲೋಟ ಇಟ್ಟೆ. ಮೊದಲನೆಯದು ಅರ್ಧಕ್ಕೆ ಬಂತು. ನಡುವಿನದರಲ್ಲಿ ಎರಡು ಬೆರಳು. ಕೊನೆಯದರ ತಳ ಒದ್ದೆಯಾಗಿದೆ, ಇರುವೆ ಮುಳುಗುವಷ್ಟೂ ನೀರಿಲ್ಲ. ಕ್ಯಾಪ್ ತೆಗೆದರೆ ನೀರು ಪೈಪಿನ ಬಾಯಿಗೆ ಅಂಟಿಕೊಂಡೇ ಕೆಳಗಿಳಿಯುತ್ತದೆ.

ಟ್ಯಾಂಕ್ ತಾರಸಿಯಲ್ಲೇ ಇದೆ, ಇನ್ನೆಲ್ಲಿ ಇರುತ್ತದೆ? ಗಿಡಗಳಿಗೆಂದೇ ಇಟ್ಟಿರುವ 500 ಲೀಟರಿನದು, ಕೆಳಗೆ ಎರಡು ವರಸೆ ಸಿಮೆಂಟ್ ಇಟ್ಟಿಗೆ ಜೋಡಿಸಿದ್ದೇವೆ. ಇದನ್ನು ಯಾರೂ ಸ್ಪಷ್ಟವಾಗಿ ಕೇಳಲಿಲ್ಲ.

ಕೆಂಪುಮಣ್ಣು
ಎರಡು ಸಲ ಕೇಳಿದೆ. ಇರಲಿ.

ನೀರಿನ ಮಟ್ಟ 10 ಮೀಟರ್ ಎತ್ತರದಲ್ಲಿದ್ದರೆ ಚದರ ಸೆಂಟಿಮೀಟರಿಗೆ ಸುಮಾರು 1 ಕೆ.ಜಿ. ಒತ್ತಡ. ಡ್ರಿಪ್ಪರ್ ಮೇಲೆ 4 ಲೀಟರ್ ಎಂದು ಬರೆದಿರುವುದು ಆ ಒತ್ತಡದ ಲೆಕ್ಕದಲ್ಲಿ. ನಿಮ್ಮ ಟ್ಯಾಂಕ್ ತುಂಬಿದಾಗಲೂ ನೀರಿನ ಮಟ್ಟ ಕುಂಡದ ಬಾಯಿಗಿಂತ ಹೆಚ್ಚೆಂದರೆ 1 ಮೀಟರ್ ಮೇಲಿರುತ್ತದೆ. ಒತ್ತಡ ಹತ್ತರಲ್ಲಿ ಒಂದು ಪಾಲಾದರೆ ಸಾಮಾನ್ಯ ಡ್ರಿಪ್ಪರಿನ ಹರಿವು ಮೂರರಲ್ಲಿ ಒಂದು ಪಾಲಾಗುತ್ತದೆ, ವರ್ಗಮೂಲದ ಲೆಕ್ಕ. ಅಂದರೆ ಗಂಟೆಗೆ ಒಂದೂಕಾಲು ಲೀಟರ್, ಅದೂ ಮೊದಲ ಕುಂಡಕ್ಕೆ, ಟ್ಯಾಂಕ್ ತುಂಬಿದ್ದಾಗ. 15 ನಿಮಿಷಕ್ಕೆ ಸುಮಾರು 300 ಮಿಲಿ ಬರಬೇಕಿತ್ತು. ನಿಮಗೆ ಅದೂ ಬಂದಿಲ್ಲ. ಹಾಗಾದರೆ ನಡುವೆ ಇನ್ನೇನೋ ಅಡ್ಡ ನಿಂತಿದೆ. ಟೈಮರ್ ತೆರೆಯುವಾಗ 'ಟಕ್' ಎಂದು ಒಂದೇ ಸದ್ದು ಬರುತ್ತದೆಯೇ, ಅಥವಾ ಮೋಟಾರ್ ತಿರುಗಿದ ಸದ್ದೇ?

ತುಮಕೂರು_ತಾರಸಿ
ಟಕ್ ಎನ್ನುತ್ತದೆ.

ಕೆಂಪುಮಣ್ಣು
ಅದು ಸಾಲಿನಾಯ್ಡ್ ಟೈಮರ್, ಅಂದರೆ ವಿದ್ಯುತ್ಕಾಂತದಿಂದ ತೆರೆಯುವ ಕವಾಟದ್ದು. ಅದರೊಳಗಿನ ರಬ್ಬರ್ ಪರದೆ ಪೂರ್ತಿ ಮೇಲೇಳಲು ನೀರಿನದೇ ಒತ್ತಡ ಬೇಕು. ನಲ್ಲಿಯ ನೇರ ಒತ್ತಡಕ್ಕೆ, ಪಂಪಿಗೆ ಅದು ಸರಿ. ತಾರಸಿಯ ಟ್ಯಾಂಕಿಗೆ ಬಾಲ್ ವಾಲ್ವ್ ಇರುವ ಟೈಮರ್ ಬೇಕು. ಚಿಕ್ಕ ಮೋಟಾರ್ ತಿರುಗಿ ರಂಧ್ರ ತೆರೆಯುತ್ತದೆ, ಒತ್ತಡ ಇಲ್ಲದಿದ್ದರೂ ನಡೆಯುತ್ತದೆ. ಸದ್ಯಕ್ಕೆ ಟೈಮರ್ ತೆಗೆದು ಟ್ಯಾಂಕಿನ ನಲ್ಲಿಗೆ ಪೈಪ್ ನೇರವಾಗಿ ಕೊಟ್ಟು ನೋಡಿ.

ಮೈಸೂರು_ಮೊಗ್ಗು
ಜೊತೆಗೆ ಟ್ಯಾಂಕಿನ ಹತ್ತಿರದ ಫಿಲ್ಟರ್ ಬಿಚ್ಚಿ ತೊಳೆಯಿರಿ. ಇನ್ನೊಂದು ವಿಷಯ: ಮಧ್ಯಾಹ್ನ ನೀರು ಬಿಡುತ್ತಿದ್ದರೆ ನಿಲ್ಲಿಸಿ. ಗಾರೆಯ ಮೇಲೆ ಮಲಗಿರುವ ಕಪ್ಪು ಪೈಪಿನೊಳಗಿನ ನೀರು ಮೂರು ಗಂಟೆಗೆ ಕೈ ಇಡಲಾಗದಷ್ಟು ಕಾದಿರುತ್ತದೆ. ಬೆಳಗಿನ ಆರು ಗಂಟೆಯೇ ಒಳ್ಳೆಯದು.

ಹುಬ್ಬಳ್ಳಿ_ಹಸಿರು
ಇಷ್ಟೆಲ್ಲ ಏಕೆ? ಟ್ಯಾಂಕನ್ನೇ ಮೆಟ್ಟಿಲ ಕೋಣೆಯ ಮೇಲೆ ಏರಿಸಿ. ಎರಡೂವರೆ ಮೀಟರ್ ಹೆಚ್ಚು ಸಿಗುತ್ತದೆ.

ತುಮಕೂರು_ತಾರಸಿ
ಅಲ್ಲಿ ಮನೆಯ ಟ್ಯಾಂಕ್ ಇದೆ. ಅದರಲ್ಲಿರುವುದು ಪಾಲಿಕೆಯ ನಲ್ಲಿ ನೀರು, ಹೇಮಾವತಿಯದು. ಅದನ್ನು ಗಿಡಕ್ಕೆ ಮುಟ್ಟಿಸಿದರೆ ಮನೆಯಲ್ಲಿ ಯುದ್ಧ.

ಹುಬ್ಬಳ್ಳಿ_ಹಸಿರು
ಪಕ್ಕದಲ್ಲೇ ಇನ್ನೊಂದು ಇಡಿ.

ಶಿವಮೊಗ್ಗ_ಗಾರೆ
ಬಾಯಿಮಾತಿಗೆ ಇಟ್ಟುಬಿಡಬೇಡಿ. 500 ಲೀಟರ್ ಎಂದರೆ 500 ಕೆ.ಜಿ. ಒಂದು ಟ್ಯಾಂಕಿಗೆಂದು ಹಾಕಿದ ಸ್ಲ್ಯಾಬ್ ಮೇಲೆ ಎರಡನೆಯದನ್ನು ಹೊರಿಸುವ ಮೊದಲು ಎಂಜಿನಿಯರನ್ನು ಕೇಳಿ. ಊಟದ ಲೆಕ್ಕವನ್ನೂ ಹಾಕಿದ್ದೀರಾ? ನೆನೆದ 40 ಕುಂಡ, ಟ್ಯಾಂಕ್, ಶಾಮಿಯಾನಾ ಕುರ್ಚಿ, ನೆಂಟರು... ಕುಂಡಗಳನ್ನು ಗೋಡೆಯ ಪಕ್ಕದಲ್ಲೇ ಇಡಿ, ಕೆಳಗೆ ಇಟ್ಟಿಗೆ ಕೊಟ್ಟು ಎತ್ತರಿಸಿ, ಇಲ್ಲವಾದರೆ ನೀರು ನಿಂತು ತಾರಸಿ ಸೋರುತ್ತದೆ.

ಹುಬ್ಬಳ್ಳಿ_ಹಸಿರು
ನಮ್ಮ ತಾರಸಿಯಲ್ಲಿ ಇದರ ಮೂರು ಪಟ್ಟು ಭಾರ ಇದೆ, ಒಂದು ಬಿರುಕೂ ಇಲ್ಲ.

ಶಿವಮೊಗ್ಗ_ಗಾರೆ
ಬಿರುಕು ಬಿಡುವವರೆಗೆ ಎಲ್ಲ ತಾರಸಿಯಲ್ಲೂ ಬಿರುಕು ಇರುವುದಿಲ್ಲ.

ತುಮಕೂರು_ತಾರಸಿ
ಟೈಮರ್ ತೆಗೆದು ನೇರವಾಗಿ ಕೊಟ್ಟೆ. ಮೊದಲ ಲೋಟ ಮುಕ್ಕಾಲು ತುಂಬಿತು, ನಡುವಿನದು ಅರ್ಧ, ಕೊನೆಯದು ಕಾಲು. ಗಿಡಕ್ಕೆ ಜೀವ ಬಂದಂತಿದೆ. ಆದರೂ ಸಮನಾಗಿಲ್ಲ. ಟ್ಯಾಂಕ್ ಅರ್ಧಕ್ಕೆ ಇಳಿದಾಗ ಕೊನೆಯ ಸಾಲು ಮತ್ತೆ ಮಂಕಾಗುತ್ತದೆ. ಟೈಮರ್ ಮಾರಿದ ಅಂಗಡಿಯವನು 'ಎಲ್ಲದಕ್ಕೂ ಆಗುತ್ತದೆ ಸಾರ್' ಎಂದಿದ್ದ. ಈಗ ವಾಪಸ್ ತೆಗೆದುಕೊಳ್ಳುವುದಿಲ್ಲವಂತೆ.

ಕೆಂಪುಮಣ್ಣು
ಟ್ಯಾಂಕಿನ ಪೈಪನ್ನು ಸಾಲಿನ ತಲೆಗೆ ಕೊಡಬೇಡಿ, ನಡುವಿಗೆ ಕೊಡಿ. ಎರಡು ಕಡೆಗೂ 20 ಕುಂಡಗಳಂತೆ ಹರಿಯಲಿ. ಇನ್ನೂ ಚೆನ್ನಾಗಿರಬೇಕೆಂದರೆ ಎರಡೂ ತುದಿಗಳನ್ನು ಕೂಡಿಸಿ ಬಳೆಯಂತೆ ಮಾಡಿ, ನೀರು ಎರಡು ದಾರಿಯಿಂದ ಕೊನೆಗೆ ತಲುಪುತ್ತದೆ. ನೀರು ಬಿಡುವ ಹೊತ್ತಿಗೆ ಟ್ಯಾಂಕ್ ತುಂಬಿರುವಂತೆ ಬೋರ್ ಮೋಟಾರ್ ಹಾಕಿ. ಒತ್ತಡ ಸಮ ಮಾಡುವ ಡ್ರಿಪ್ಪರ್ ಕೊಳ್ಳಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ; ಇಷ್ಟು ಕಡಿಮೆ ಒತ್ತಡದಲ್ಲಿ ಅವು ತಮ್ಮ ಕೆಲಸವನ್ನೇ ಮಾಡುವುದಿಲ್ಲ.

ಹನಿಗಾರ
ಎಲ್ಲ ಸರಿ. ಆದರೆ ಬೋರ್ ನೀರಿಗೆ ವರ್ಷಕ್ಕೊಮ್ಮೆ ಆಮ್ಲ ಬೇಕೇ ಬೇಕು. ಬರೆದಿಟ್ಟುಕೊಳ್ಳಿ.

ಮಲ್ಲಿಗೆಮನೆ
ಮತ್ತೆ ಶುರು.

ನಿರ್ವಾಹಕ
ಆಮ್ಲದ ಚರ್ಚೆಯನ್ನೂ ಶೇಡ್ ನೆಟ್ ಜಗಳವನ್ನೂ ಬೇರೆ ಎಳೆಗೆ ಸಾಗಿಸಿದ್ದೇನೆ. ಇಲ್ಲಿ ಡ್ರಿಪ್ ಮಾತ್ರ.

ತುಮಕೂರು_ತಾರಸಿ
ನಡುವಿಗೆ ಕೊಟ್ಟೆ. ಈಗ ಮೊದಲ ಲೋಟಕ್ಕೂ ಕೊನೆಯ ಲೋಟಕ್ಕೂ ಬೆರಳಗಲದ ವ್ಯತ್ಯಾಸ. ಬಾಲ್ ವಾಲ್ವ್ ಟೈಮರ್ ಬರುವವರೆಗೆ ಬೆಳಿಗ್ಗೆ ಎದ್ದು ನಾನೇ ನಲ್ಲಿ ತಿರುಗಿಸುತ್ತೇನೆ. ಉದುರಿದ ಮೊಗ್ಗು ಹೋಯಿತು, ಹೊಸ ಚಿಗುರಿನಲ್ಲಿ ಸಣ್ಣ ಮೊಗ್ಗು ಕಾಣುತ್ತಿವೆ. ಹುಣ್ಣಿಮೆಯೊಳಗೆ ಅರಳಬಹುದೇ, ಮೇಡಂ?

ಮಲ್ಲಿಗೆಮನೆ
ಎಲ್ಲ ಅರಳುವುದಿಲ್ಲ, ಒಂದಿಷ್ಟು ಅರಳುತ್ತವೆ. ನೆಂಟರು ಊಟಕ್ಕೆ ಕೂರುವ ಕಡೆಗೆ ಮುಂದಿನ ಸಾಲಿನ ಕುಂಡಗಳನ್ನೇ ಸರಿಸಿ, ಕೊನೆಯವು ಮೂಲೆಯಲ್ಲಿರಲಿ. ಬೇಕಿದ್ದರೆ ಒಂದೆರಡು ದವನದ ಗಿಡ ತಂದಿಡಿ, ಕೈ ತಾಗಿದರೆ ಸಾಕು, ಘಮ ಎನ್ನುತ್ತದೆ. ಕುಂಡದ ತಟ್ಟೆಗಳ ನೀರನ್ನು ವಾರಕ್ಕೊಮ್ಮೆಯಾದರೂ ಚೆಲ್ಲಿ ಉಜ್ಜಿ, ಇಲ್ಲವಾದರೆ ನೆಂಟರ ಜೊತೆ ಸೊಳ್ಳೆಗಳೂ ಪಂಕ್ತಿಗೆ ಕೂರುತ್ತವೆ. ದೀಪ ಹಾಕುವುದಾದರೆ ಹಳದಿ ಬಲ್ಬ್ ಹಾಕಿ, ಬಿಳಿ ಬೆಳಕಿಗೆ ಹುಳು ಹೆಚ್ಚು ಬರುತ್ತವೆ.

ಮೈಸೂರು_ಮೊಗ್ಗು
ಬೆಳದಿಂಗಳ ಊಟಕ್ಕೆ ದೀಪ ಏಕೆ?

ಮಲ್ಲಿಗೆಮನೆ
ಮೆಟ್ಟಿಲು ಕಾಣಬೇಕಲ್ಲ, ಬಿಸಿಬೇಳೆಬಾತಿನ ಪಾತ್ರೆ ಹಿಡಿದು ಹತ್ತುವವರಿಗೆ.

ಹುಬ್ಬಳ್ಳಿ_ಹಸಿರು
ನನ್ನ ಮೆಟ್ಟಿಲುಗಳಿಗೆ ಸೌರ ದೀಪ ಇದೆ, ಕತ್ತಲಾದರೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಈ ಸಲವಾದರೂ ಫೋಟೋ ಹಾಕುತ್ತೇನೆ.

ಗದಗ_ಗುಲಾಬಿ
ಎಲ್ಲರಿಗೂ ನಮಸ್ಕಾರ. ನನ್ನದೂ ಇದೇ ಸಮಸ್ಯೆ. ಕೊನೆಯ ಕುಂಡಗಳಿಗೆ ನೀರು ಬರುತ್ತಿಲ್ಲ. ಏನು ಮಾಡಬೇಕು, ಬೇಗ ತಿಳಿಸಿ.

ಕೆಂಪುಮಣ್ಣು
ಟ್ಯಾಂಕ್ ಎಲ್ಲಿದೆ?